ಆಳ ಬರೆಯದ ಸ್ಲೈಡು

ಅಹ್ಮದಿಯಲ್ಲಿ ಮೂರು ದಿನದಿಂದ ಗುಬಾರ್.
ಲ್ಯಾಬಿನ ಕಿಟಕಿಸಂದಿಗೆಲ್ಲ ಬದ್ರಿಯಾ ಮೇಡಂ
ತಾವೇ ನಿಂತು ಟೇಪು ಅಂಟಿಸಿದ್ದಾರೆ.
ಮರಳುಗಾಳಿಯ ದೂಳಿನಲ್ಲೂ ಇವು ಇರುತ್ತವೆ,
ಹೊರಗಿನವು ಒಳಗಿನವುಗಳಲ್ಲಿ ಬೆರೆತರೆ
ಬಾವಿಗೆ ಸುಳ್ಳು ವಯಸ್ಸು ಕಟ್ಟಿದಂತೆ.

ಕಲ್ಲಿನ ಚೂರು ಕೆರೆದು, ಒಂದು ಹನಿ ನೀರು ಬಿಟ್ಟು
ಹಲ್ಲುಕಡ್ಡಿಯಿಂದ ಗಾಜಿಗೆ ಸವರುತ್ತೇನೆ,
ಎಲೆಗೆ ಸುಣ್ಣ ಹಚ್ಚುವಷ್ಟು ತೆಳ್ಳಗೆ.
ಒಂದು ಗಾಜಿಗೆ ಒಂದೇ ಕಡ್ಡಿ. ಮತ್ತೆ ಮುಟ್ಟಬಾರದು.
ಎಣ್ಣೆಯ ತೊಟ್ಟು, ಸಾವಿರ ಪಟ್ಟು,
ಎರಡು ಪೋಲರಾಯ್ಡು ಅಡ್ಡಡ್ಡ ನಿಲ್ಲಿಸಿದೆನೋ
ಕತ್ತಲು.

ಕತ್ತಲಾದ ಮೇಲೇ ಇವು ಕಾಣುವುದು.
ಬೆಳಕನ್ನು ತಿರುಚಬಲ್ಲದ್ದಷ್ಟೇ ಉಳಿಯುತ್ತದೆ.
ಬಿಸಿಲ ಕಡಲಲ್ಲಿ ತೇಲಿದ ಪಾಚಿ,
ಅದರ ಮೈಮೇಲಿನ ಸುಣ್ಣದ ಬಿಲ್ಲೆ.

ವಾಟ್ಸ್‌ನವೇರಿಯಾ: ಅಂಗಿಯ ಗುಂಡಿ.
ಉಳಿದವರೆಲ್ಲ ಕರಗಿಹೋದ ಕಲ್ಲಿನಲ್ಲೂ ಇವಳಿದ್ದಾಳೆ,
ಮದುವೆಗೂ ಮಣ್ಣಿಗೂ ತಪ್ಪದೆ ಬರುವ ದೂರದ ಚಿಗವ್ವನಂತೆ.
ಎದೆಯ ಮೇಲಿನ ಕಪ್ಪು ಗೆರೆ ಗಿರಗಿಟ್ಲೆಯ ಹಾಗೆ ಬಾಗಿರುತ್ತದೆ.
ನಡುವೆ ಸಣ್ಣ ತೂತಿದ್ದರೆ ಹೆಸರು ಬೇರೆ.
ತೂತಿಗೆ ಅಡ್ಡ ಕಂಬಿಯಿದ್ದರೆ ಇನ್ನೊಂದೇ ಹೆಸರು.
ತೂತೋ, ಕೊಳೆಯೋ?
ತಿರುಪನ್ನು ಕೂದಲೆಳೆಯಷ್ಟು ಮೇಲೆ,
ಕೂದಲೆಳೆಯಷ್ಟು ಕೆಳಗೆ,
ಹಾಗೇ ಅರ್ಧ ಗಂಟೆ ಕಳೆದದ್ದುಂಟು.

ನ್ಯಾನೊಕೋನಸ್ ಥೇಟ್ ಸಜ್ಜೆತೆನೆ,
ಉದ್ದಕ್ಕೂ ನಡುವೆ ಒಂದು ಓಣಿ.
ನಾನು ಶಹಾಬಾದಿನವಳು, ಫರ್ಶಿಯ ಮೇಲೆ ಅಂಬೆಗಾಲಿಟ್ಟವಳು.
ಒಂದು ರಜೆಯಲ್ಲಿ ನಮ್ಮ ಹಿತ್ತಲ ಕಲ್ಲಿನ ಚಕ್ಕೆ ತಂದು ನೋಡಿದೆ.
ಬರೀ ಮಂಕು ಹೊಳಪು, ಒಂದು ಮುಖವಿಲ್ಲ.
ಇವು ಹುಟ್ಟುವ ಎಷ್ಟೋ ಮೊದಲೇ
ಅದು ಕಲ್ಲಾಗಿ ಕೂತಿತ್ತು.

ರಾತ್ರಿ ಒಂದೂವರೆಗೆ ರಿಗ್ಗಿನಿಂದ ಫೋನು:
“ಪದರದೊಳಗೇ ಇದ್ದೇವೋ, ದಾಟಿದೆವೋ?”
ಬೈರಿಗೆ ಅಲ್ಲಿ ಕಾಯುತ್ತಿದೆ, ನಿಮಿಷಕ್ಕೆ ಇಷ್ಟು ದಿನಾರು.
ಎಣಿಸುತ್ತಿದ್ದೇನೆ. ಇನ್ನೂರ ಹದಿನೇಳು, ಹದಿನೆಂಟು.
ಆಗ ಒಂದು ಮಿಕ್ಯುಲಾ.
ಚೌಕ. ಕಲ್ಲುಸಕ್ಕರೆಯ ಹರಳು.
ಇಲ್ಲಿ ಇರಲೇಬಾರದವನು,
ಇವನಿಗೂ ಸಜ್ಜೆತೆನೆಗೂ ನಡುವೆ ಐದು ಕೋಟಿ ವರ್ಷ.
ಬಾವಿಯ ಗೋಡೆಯಿಂದ ಉದುರಿದನೇ?
ಗಾಳಿಯಲ್ಲಿ ನುಗ್ಗಿದನೇ?
ತೊಳೆಯುವಲ್ಲಿ ತಪ್ಪಿತೇ?

ಮೊಯ್ದಿನಬ್ಬರನ್ನು ಕರೆದೆ.
ಬೆಂಗ್ರೆಯವರು, ಇಪ್ಪತ್ತಾರು ವರ್ಷದಿಂದ
ಇಲ್ಲಿ ಕಲ್ಲು ಕುಟ್ಟಿ ಜರಡಿ ತೊಳೆದವರು.
“ಒರಳು ಮೂರು ಸಲ ತೊಳೆದಿದ್ದೇನೆ ಮಾರಾಯ್ತಿ,
ಬೇಕಾದರೆ ಕೈ ನೋಡು” ಎಂದು ಹೆಬ್ಬೆಟ್ಟು ಚಾಚಿದರು.
ನೋಡಿದೆ. ಗೆರೆಯೇ ಇಲ್ಲ,
ಹೊಳೆಯಲ್ಲಿ ಉರುಳಿದ ಕಲ್ಲಿನ ನುಣುಪು.
ಹೋದ ವಾರ ಗುರುತಿನ ಕಚೇರಿಯ ಯಂತ್ರ
ಹನ್ನೊಂದು ಸಲ ಕೆಂಪಾಯಿತಂತೆ.
ಮತ್ತೆ ಬಾ ಅಂದರಂತೆ. ಅಷ್ಟರೊಳಗೆ ವೀಸಾ…
ಮಾತು ಅಲ್ಲಿಗೇ ಬಿಟ್ಟು ನಕ್ಕರು.

ಯಾಕೋ, ಹೊಸ ಗಾಜೊಂದು ಮುಂದಿಟ್ಟು
ಒತ್ತಿ, ಅಂದೆ.

ಚರ್ಮದ ಜಿಡ್ಡು ಕತ್ತಲಲ್ಲಿ ಕತ್ತಲೇ.
ಆದರೆ ಉಗುರಸಂದಿಯಿಂದ, ಬಿರುಕಿನಿಂದ ಉದುರಿದ್ದು
ಹೊತ್ತಿಕೊಂಡಿತು:
ಗುಂಡಿ, ಸಜ್ಜೆತೆನೆ, ಸಕ್ಕರೆಹರಳು,
ಐದು ಹೋಳಿನ ಒಂದು ಹೂವು.
ಜೀವವಿದ್ದಾಗ ಒಂದರ ಮುಖ ಒಂದು ಕಾಣದವೂ
ಒಂದೇ ಹೆಬ್ಬೆಟ್ಟಿನಲ್ಲಿ.

ಇಂಥದ್ದಕ್ಕೆ ನಮ್ಮ ಲ್ಯಾಬಿನಲ್ಲಿ ಒಂದೇ ಪದ: ಕಲಬೆರಕೆ.
ಎಸೆಯಬೇಕು. ನಿಯಮ.

“ಎಂತ ಉಂಟು ಅದರಲ್ಲಿ? ಎಷ್ಟು ಅಡಿಯದ್ದು ನಾನು?”

ಚೀಟಿಯಲ್ಲಿ ಬಾವಿಯ ಜಾಗಕ್ಕೆ ಅವರ ಹೆಸರು ಬರೆದೆ.
ಆಳದ ಜಾಗ ಖಾಲಿ.
ಫೋನು ಮತ್ತೆ ಬಡಿದುಕೊಂಡಿತು.
“ಪದರದೊಳಗೇ ಇದ್ದೀರಿ” ಎಂದೆ,
ಆ ಚೌಕದವನೊಬ್ಬನನ್ನು ಲೆಕ್ಕಕ್ಕೆ ಹಿಡಿಯದೆ.
ಅವರಾಗಲೇ ಸಿಂಕಿನ ಬಳಿ, ನಲ್ಲಿ ತಿರುಗಿಸಿ,
ಒರಳನ್ನು ನಾಲ್ಕನೆಯ ಸಲ ತೊಳೆಯುತ್ತಿದ್ದರು.